ಇವರು ಹಿಂದಿನ ಕೋಣೆಯಲ್ಲಿದ್ದಾಗ

ಏಪ್ರಿಲ್ 9, ಬುಧವಾರ

ಹೊಲಿಗೆಯ ಅಳತೆ ಬರೆದುಕೊಳ್ಳುವ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮದುವೆಗೆ ಮೊದಲು ದಿನವೂ ಬರೆಯುತ್ತಿದ್ದೆ, ಆಮೇಲೆ ಬಿಟ್ಟೇ ಹೋಯಿತು. ಇವತ್ತು ಎಲ್ಲಾದರೂ ಹೇಳಿಕೊಳ್ಳದಿದ್ದರೆ ತಲೆ ಸಿಡಿದೀತು.

ಮಧ್ಯಾಹ್ನ ಭಟ್ಕಳದಿಂದ ಬೀಗಿತ್ತಿಯ ಫೋನು. "ರೇಖಕ್ಕ, ನಿಮ್ಮ ಮನೆಯವರಿಗೆ ನಮ್ಮ ಮೇಲೆ ಎಂತಾದ್ರೂ ಸಿಟ್ಟಾ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಮಗಳು ಸುಶ್ಮಿತಾ ಬಸುರಿ, ಬಾಯಿಗೆ ರುಚಿ ಬೇಕು ಅನ್ನುತ್ತಾಳೆಂದು ಒಣಸಿಗಡಿ ಚಟ್ನಿ, ಮಾವಿನಮಿಡಿ ಉಪ್ಪಿನಕಾಯಿ ಕಟ್ಟಿ ಬೆಳಿಗ್ಗೆ ಇವರ ಕೈಯಲ್ಲಿ ಕಳಿಸಿದ್ದೆ. ಇವರು ಮನೆಯೊಳಗೆ ಕಾಲೇ ಇಡಲಿಲ್ಲವಂತೆ. ರಸ್ತೆಯಲ್ಲೇ ನಿಂತು ಚೀಲವನ್ನು ಕಂಪೌಂಡು ಗೋಡೆಯ ಮೇಲಿಟ್ಟರಂತೆ. ಮಗಳು ಜಗಲಿ ಇಳಿದು ಬರಲು ಹೋದರೆ "ಅಲ್ಲೇ ನಿಲ್ಲು" ಎಂದು ಕೈ ಅಡ್ಡ ಹಿಡಿದರಂತೆ. ಎರಡು ಮಾತಾಡಿ ತಿರುಗಿ ನಡೆದೇಬಿಟ್ಟರಂತೆ.

ಸಂಜೆ ಬಂದಮೇಲೆ ಕೇಳಿದೆ. "ಹೋಗುವಾಗ ಬಸ್ಸಲ್ಲೇ ಮೈ ಬಿಸಿ ಆತು. ಬಸುರಿ ಇರೂ ಮನೆಗೆ ಜ್ವರ ತಕಂಡು ಹೋಗೂದು ಬೇಡ ಅನ್ಸ್ತು" ಎಂದರು.

"ಒಂದು ಲೋಟ ನೀರು ಕುಡಿದು ಬಂದಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?" ಎಂದೆ. ಕೈಕಾಲು ತೊಳೆಯಲು ಬಾವಿಗೆ ನಡೆದರು. ಇವರು ಯಾವಾಗ ಮಾತಾಡಿದ್ದಾರೆ? ಹೊನ್ನಾವರದ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡಿ ಮಾಡಿ ಇವರ ಬಾಯಿಗೂ ಗ್ರೀಸು ಮೆತ್ತಿದೆ ಎಂದು ನನ್ನ ಅಣ್ಣ ಹೇಳುವುದು ಸುಳ್ಳಲ್ಲ.

ಆದಿತ್ಯವಾರ ಮಗಳಿಗೆ ನಮ್ಮ ಮನೆಯಲ್ಲಿ ಬಯಕೆ ಊಟ. ಅಂದೇ ಅವಳು ಹೆರಿಗೆಗೆಂದು ಉಳಿಯುವವಳು. ಆ ದಿನ ಬೀಗಿತ್ತಿಯ ಮುಖ ಹೇಗೆ ನೋಡಲಿ?

ಏಪ್ರಿಲ್ 10, ಗುರುವಾರ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಎದ್ದು ನೋಡಿದರೆ ಇವರು ತಮ್ಮ ಚಾಪೆ, ಹೊದಿಕೆ, ಒಂದು ತಟ್ಟೆ, ಒಂದು ಲೋಟ ಎಲ್ಲ ಎತ್ತಿಕೊಂಡು ಬಾವಿಯ ಬದಿಯ ಹಿಂದಿನ ಕೋಣೆಗೆ ಹೋಗಿ ಕೂತಿದ್ದಾರೆ. ತೆಂಗಿನಕಾಯಿ ರಾಶಿ ಹಾಕುವ ಕೋಣೆ ಅದು. ಕಾಯಿಗಳನ್ನೆಲ್ಲ ಹೊರಗೆ ಸಾಲಾಗಿ ಜೋಡಿಸಿ, ನೆಲ ಒರೆಸಿ, ತೋಟದ ಕಡೆಯ ಕಿಟಕಿ ಪೂರ್ತಿ ತೆರೆದಿಟ್ಟಿದ್ದಾರೆ. ಜ್ವರ ಬಂದವರು ಇಷ್ಟೆಲ್ಲ ಯಾವಾಗ ಮಾಡಿದರೋ.

"ಎಂತ ಇದು?" ಎಂದೆ.

"ಬೋಟಿನ ನರೇಶ ಇದಾನಲ್ಲ, ಅವನ ಮಗಳಿಗೆ ಸೀತಾಳ ಸಿಡುಬು ಎದ್ದಿತ್ತು. ಹದಿನೈದು ದಿನದ ಹಿಂದೆ ಅವನ ಮನೇಲಿ ಕೂತು ಚಾ ಕುಡ್ದಿದ್ದೆ. ನಂಗೆ ಸಣ್ಣಿದ್ದಾಗ ಅದು ಆಗ್ಲಿಲ್ಲ."

"ಇದು ಅದೇ ಅಂತ ಹೇಂಗೆ ಗೊತ್ತು?"

"ಗೊತ್ತಿಲ್ಲ. ಗೊತ್ತಾಗೂ ತನಕ ಅದೇ ಅಂತ ತಿಳ್ಕಂಡು ಇದ್ರೆ ಯಾರಿಗೂ ಲುಕ್ಸಾನಿಲ್ಲ ಅಲ್ದಾ?"

ಅಲ್ಲಿಗೆ ನಿಲ್ಲಿಸಿದ್ದರೆ ಸುಮ್ಮನಿರುತ್ತಿದ್ದೆ. ನಾನು ಬಾವಿಯಿಂದ ನೀರು ಸೇದುತ್ತಿದ್ದಾಗ ಒಳಗೆ ಫೋನಿನಲ್ಲಿ ಮಾತು ಕೇಳಿಸಿತು. ಅಳಿಯ ರಾಜೇಶನಿಗೆ ಹೇಳುತ್ತಿದ್ದರು. "ಆದಿತ್ಯವಾರ ಯಾರೂ ಬರಬೇಡಿ. ಊಟ ಮುಂದೆ ಹಾಕುವ. ಸುಶ್ಮಿತಾನ್ನ ಒಮ್ಮೆ ಡಾಕ್ಟರಿಗೆ ತೋರ್ಸಿ, ಇದು ಅವಳಿಗೆ ಮೊದಲು ಆಗಿದ್ಯಾ ಇಲ್ವಾ ರಕ್ತದಲ್ಲಿ ನೋಡೂಕೆ ಬತ್ತದಂತೆ." ನನ್ನನ್ನು ಒಂದು ಮಾತು ಕೇಳಲಿಲ್ಲ. ನಲವತ್ತು ಜನಕ್ಕೆ ಹೇಳಿ ಆಗಿತ್ತು. ಅಡುಗೆಯವರಿಗೆ ವೀಳ್ಯ ಕೊಟ್ಟಾಗಿತ್ತು. ಇಪ್ಪತ್ತಾರು ವರ್ಷದಿಂದ ನಾನು ಏನು ಹೇಳಿದರೂ "ಆತು" ಅನ್ನುವುದು ಬಿಟ್ಟು ಬೇರೆ ಮಾತು ಇವರ ಬಾಯಲ್ಲಿ ಬಂದದ್ದಿಲ್ಲ. ಬಂದದ್ದು ಈಗ.

ಊಟ ಕಿಟಕಿಯಲ್ಲಿಟ್ಟೆ. ಸದ್ದು ಬರುವ ಹಾಗೆಯೇ ಇಟ್ಟೆ.

ಏಪ್ರಿಲ್ 11, ಶುಕ್ರವಾರ

ಎದ್ದಿದೆ.

ಹಣೆಯ ಮೇಲೆ ಐದಾರು. ಎದೆ, ಬೆನ್ನು ತುಂಬ. ನನಗೆ ಎಂಟು ವರ್ಷವಿದ್ದಾಗ ಆಗಿತ್ತು, ಆ ನೀರುಗುಳ್ಳೆ ನೋಡಿದ ಕೂಡಲೇ ಗೊತ್ತಾಯಿತು.

ಆಶಾ ಕಾರ್ಯಕರ್ತೆ ಗಣಪಿಗೆ ಇವರೇ ಫೋನ್ ಮಾಡಿ, ಇವತ್ತು ಡಾಕ್ಟರು ಎಷ್ಟು ಹೊತ್ತಿಗೆ ಬಿಡುವಾಗುತ್ತಾರೆ ಕೇಳಿಕೊಂಡರು. ಜನ ಹೋದಮೇಲೆ ಸ್ಕೂಟರಿನಲ್ಲಿ ಒಬ್ಬರೇ ಹೋಗಿ, ಆಸ್ಪತ್ರೆಯ ಒಳಗೆ ಹೋಗದೆ ಮರದಡಿ ನಿಂತರಂತೆ. ಡಾಕ್ಟರೇ ಹೊರಗೆ ಬಂದು ನೋಡಿ ಮಾತ್ರೆ ಬರೆದುಕೊಟ್ಟರಂತೆ. "ಎಲ್ಲರೂ ಹೀಗೆ ಕೇಳಿಕೊಂಡು ಬಂದರೆ ನಮ್ಮ ಕೆಲಸ ಅರ್ಧ ಕಡಿಮೆ" ಎಂದರಂತೆ. ಗಣಪಿ ಹೇಳಿದ್ದು. ಇವರಾಗಿ ಹೇಳುವವರಲ್ಲ.

ಪಕ್ಕದ ಮನೆಯ ಕಾಳಕ್ಕ ಬೇವಿನ ಸೊಪ್ಪು ಹಿಡಿದುಕೊಂಡು ಬಂದಿತ್ತು. "ಅಮ್ಮ ಬಂದದ್ದು. ಮಾತ್ರೆ ಗೀತ್ರೆ ತಕಂಡು ಅವಳ ಸಿಟ್ಟು ಎಬ್ಬಿಸಬೇಡಿ. ಯಾರಿಗೂ ಹೇಳೂದೂ ಬೇಡ." ಇವರು ಒಳಗಿನಿಂದಲೇ, "ಸೊಪ್ಪು ಮುಂದಿನ ಬಾಗ್ಲಿಗೆ ಕಟ್ಟು ಕಾಳಕ್ಕ, ನಮಸ್ಕಾರ ಮಾಡ್ತೆ. ಮಾತ್ರೇನೂ ತಕಣ್ತೆ. ನೀನು ಮಾತ್ರ ಹತ್ರ ಬರಬೇಡ" ಎಂದರು. ಆ ಮುದುಕಿ ಯಾರ ಮಾತಿಗೂ ಬಗ್ಗುವುದಲ್ಲ. ಇವತ್ತು ಸೊಪ್ಪು ಕಟ್ಟಿ ಸುಮ್ಮನೆ ಹೋಯಿತು.

ಏಪ್ರಿಲ್ 13, ಆದಿತ್ಯವಾರ

ಇವತ್ತು ಮನೆ ತುಂಬ ಜನ ಇರಬೇಕಿತ್ತು. ಸುಶ್ಮಿತಾಳಿಗೆ ಹಸಿರು ಸೀರೆ ಉಡಿಸಿ ಕೂರಿಸಬೇಕಿತ್ತು. ನಾನೊಬ್ಬಳೇ ಜಗಲಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದೆ.

ಹಿಂದಿನ ಕೋಣೆಯ ಕೆಲಸ ನೋಡುತ್ತಾ ಇದ್ದೇನೆ. ಎಂಜಿನ್ ಬಿಚ್ಚಿದವರು ನಟ್ಟುಗಳನ್ನು ಸಾಲಾಗಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ನಾನು ಗಂಜಿಯನ್ನು ಕಿಟಕಿಯ ಹೊರಗಿನ ಸ್ಟೂಲಿನ ಮೇಲಿಟ್ಟು ಬಾವಿಯ ತನಕ ಬಂದಮೇಲೆಯೇ ಕೈ ಚಾಚಿ ತೆಗೆದುಕೊಳ್ಳುವುದು. ತಟ್ಟೆ ಲೋಟ ತಾವೇ ಸೋಪು ಹಾಕಿ ತೊಳೆದು, ಬಿಸಿಲಿಗೆ ಕವುಚಿ ಹಾಕುವುದು. ಬಟ್ಟೆ ಬೇರೆಯೇ ಬಕೆಟ್ಟಿನಲ್ಲಿ, ಬಿಸಿನೀರು ಸೋಪುಪುಡಿಯಲ್ಲಿ. ಉಗುರು ಬುಡದವರೆಗೆ ಕತ್ತರಿಸಿಕೊಂಡಿದ್ದಾರೆ, ನಿದ್ದೆಯಲ್ಲಿ ತುರಿಸಿಕೊಂಡು ಗುಳ್ಳೆ ಒಡೆಯಬಾರದೆಂದು. ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಜ್ವರ ಎಷ್ಟು, ಮಾತ್ರೆ ಎಷ್ಟು ಹೊತ್ತಿಗೆ ಎಂದು ಬರೆದಿದ್ದಾರೆ. ಜ್ವರಕ್ಕೆ ಡಾಕ್ಟರು ಹೇಳಿದ್ದೊಂದು ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟುವುದಿಲ್ಲ. ಮೈಯೆಲ್ಲ ಬೆಂಕಿ ಹಚ್ಚಿದ ಹಾಗೆ ಉರಿಯುತ್ತಿರಬೇಕು. ಒಂದು "ಅಯ್ಯೋ" ಕೇಳಲಿಲ್ಲ.

ಸಂಜೆ ಜಗಳವಾಯಿತು. ಮೇ ತಿಂಗಳ ಮದುವೆಗಳ ಬ್ಲೌಸು ಹದಿನೇಳು ನನ್ನ ಹತ್ತಿರ ಇವೆ. "ಆ ಮನೆಯವರಿಗೆಲ್ಲ ಹೇಳಬೇಕು ರೇಖಾ" ಎಂದರು.

"ನಂಗೆ ಮೊದಲೇ ಆಗಿದೆ. ಡಾಕ್ಟರೇ ನಾನು ಹೊಲೀಬಹುದು ಅಂದ್ರಂತೆ."

"ಹೊಲಿ. ಆದ್ರೂ ಹೇಳು. ಬೇಕಾದವರು ಬರ್ಲಿ, ಬೇಡದವರು ತಿಂಗಳು ಬಿಟ್ಟು ಬರ್ಲಿ. ಯಾರ ಮನೇಲಿ ಯಾರು ಬಸುರಿ, ಯಾರ ಮನೇಲಿ ಕೂಸು, ನಮಗೆ ಎಂತ ಗೊತ್ತು?"

"ಹೇಳಿದ್ರೆ ಒಬ್ಬಳೂ ನಮ್ಮ ಮನೆ ಮೆಟ್ಟಿಲು ಹತ್ತೂದಿಲ್ಲ" ಎಂದೆ. ಹೇಳಲಿಲ್ಲ ಯಾರಿಗೂ. ಹೇಳುವುದೂ ಇಲ್ಲ.

ಏಪ್ರಿಲ್ 14, ಸೋಮವಾರ

ರಾಜೇಶ ಫೋನ್ ಮಾಡಿದ. ಸುಶ್ಮಿತಾಳ ರಕ್ತದಲ್ಲಿ ಇದನ್ನು ತಡೆಯುವ ಶಕ್ತಿ ಇಲ್ಲವಂತೆ. ಅವಳಿಗೆ ಇದು ಯಾವತ್ತೂ ಆಗಿಲ್ಲ. ಬುಧವಾರ ಅಪ್ಪ ಎಷ್ಟು ದೂರ ನಿಂತಿದ್ದರು, ಎಷ್ಟು ಹೊತ್ತು ಎಂದು ಅಲ್ಲಿಯ ಡಾಕ್ಟರು ಬಿಡಿಸಿ ಬಿಡಿಸಿ ಕೇಳಿದರಂತೆ. ರಸ್ತೆಯಲ್ಲಿ, ಎರಡು ನಿಮಿಷ ಎಂದಾಗ, "ಹಾಗಾದರೆ ಹೆದರುವುದು ಬೇಡ. ಒಳಗೆ ಬಂದು ಒಂದೇ ಕೋಣೆಯಲ್ಲಿ ಕೂತಿದ್ದರೆ ಮಾತೇ ಬೇರೆ ಇತ್ತು. ಬಸುರಿನ ಈ ತಿಂಗಳಲ್ಲಿ ಇದು ತಾಯಿಯ ಎದೆಗೆ ಇಳಿದರೆ ಕಷ್ಟ" ಎಂದರಂತೆ. ಆದರೂ ಇಪ್ಪತ್ತೊಂದು ದಿನ ನೋಡಬೇಕು. ಅಂದರೆ ಈ ತಿಂಗಳ ಮೂವತ್ತರ ತನಕ.

ಫೋನಿಟ್ಟು ತುಂಬ ಹೊತ್ತು ಅಲ್ಲೇ ಕೂತೆ. ಅವಳಿಗೆ ಐದು ವರ್ಷವಿದ್ದಾಗ ನಮ್ಮ ಕೇರಿಯಲ್ಲೆಲ್ಲ ಎದ್ದಿತ್ತು. ಇವರು ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹಿರೇಗುತ್ತಿಯ ನನ್ನ ತವರಿಗೆ ಒಯ್ದು ಒಂದು ತಿಂಗಳು ಬಿಟ್ಟಿದ್ದರು. ಎಲ್ಲ ಮಕ್ಕಳಿಗೂ ಬರುವುದು ಇವಳಿಗೂ ಬಂದು ಹೋಗಲಿ, ಇದೇನು ಹುಚ್ಚು ಎಂದು ನಾನು ಆಗಲೂ ಬೈದಿದ್ದೆ.

ಗಂಜಿಗೆ ಸ್ವಲ್ಪ ತುಪ್ಪ ಹಾಕಿ ಒಯ್ದೆ.

ಏಪ್ರಿಲ್ 15, ಮಂಗಳವಾರ

ಸಂಜೆ ಬಾವಿಕಟ್ಟೆಯ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದೆ. ಇವರು ಕಿಟಕಿಯ ಒಳಗೆ. ಕೇಳಿಯೇಬಿಟ್ಟೆ. "ನಿಮಗೆ ಇದೊಂದು ವಿಷಯಕ್ಕೆ ಇಷ್ಟು ಹೆದರಿಕೆ ಎಂತಕ್ಕೆ?"

ಹೊದಿಕೆ ಸರಿಸಿ ಎದ್ದು ಕೂತರು. ಆಮೇಲೆ ಮೆಲ್ಲಗೆ ಶುರುಮಾಡಿದರು.

ಇವರಿಗೆ ನಾಗಿ ಎಂದು ಒಬ್ಬಳು ಅಕ್ಕ ಇದ್ದಳು, ಹೆರಿಗೆಯಲ್ಲಿ ತೀರಿಕೊಂಡಳು ಎಂದಷ್ಟೇ ನನಗೆ ಗೊತ್ತಿದ್ದದ್ದು. ಹೆರಿಗೆಯಲ್ಲಿ ಅಲ್ಲವಂತೆ. ಚೊಚ್ಚಲು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಪಕ್ಕದ ಮನೆಯ ಮಗುವಿಗೆ ಇದೇ ಸೀತಾಳ ಸಿಡುಬು ಎದ್ದಿತ್ತು, ಆ ಮನೆಯವರು ಬಾಯಿಬಿಡಲಿಲ್ಲ. ಅಕ್ಕನಿಗೆ ಮಕ್ಕಳೆಂದರೆ ಪ್ರಾಣ. ಅಳುತ್ತಿದ್ದ ಮಗುವನ್ನು ಎತ್ತಿಕೊಂಡು ಇಡೀ ಮಧ್ಯಾಹ್ನ ತಿರುಗಿದಳು. ಹದಿನೈದು ದಿನಕ್ಕೆ ಅವಳಿಗೂ ಬಂತು. ಹತ್ತು ವರ್ಷದ ಇವರನ್ನು ಹೊಳನಗದ್ದೆಯ ದೊಡ್ಡಪ್ಪನ ಮನೆಗೆ ಕಳಿಸಿದರು.

"ತಿರುಗಿ ಬರುವಾಗ ಅಕ್ಕನೂ ಇಲ್ಲ, ಹೊಟ್ಟೇಲಿದ್ದ ಕೂಸೂ ಇಲ್ಲ" ಎಂದರು. "ಅವರು ಕೆಟ್ಟವರಲ್ಲ ರೇಖಾ. ಜನ ಎಂತ ಹೇಳ್ತ್ರೋ ಅಂತ ಹೆದ್ರದ್ದು. ಒಂದು ಮಾತು ಹೇಳಿದ್ರೆ ಅಕ್ಕ ಆ ಮನೆಗೆ ಹೋಗ್ತಿರ್ಲಿಲ್ಲ. ಅಷ್ಟೇ."

ಇಪ್ಪತ್ತಾರು ವರ್ಷ ಒಂದೇ ಒಲೆಯ ಅನ್ನ ಉಂಡಿದ್ದೇವೆ. ನಾನು ಕೇಳಲಿಲ್ಲ, ಇವರು ಹೇಳಲಿಲ್ಲ.

ಮಲ್ಲಿಗೆ ಅಲ್ಲೇ ಇಟ್ಟು ಒಳಗೆ ಬಂದು ನೋಟುಬುಕ್ಕಿನ ಮುಂದಿನ ಹಾಳೆಗಳನ್ನು ತೆರೆದೆ. ಹದಿನೇಳು ಮನೆಗೂ ಫೋನ್ ಮಾಡಿದೆ. ಆರು ಮಂದಿ ಬಟ್ಟೆ ವಾಪಸು ಬೇಕು ಎಂದರು. ಒಬ್ಬಳು "ಮೊದಲೇ ಹೇಳೂಕೆ ಎಂತಾಗಿತ್ತು?" ಎಂದು ಬೈದಳು, ಬೈಯಲಿ. ಬಂದರಿನ ಈರಮ್ಮನ ಸೊಸೆ ಮೂರು ತಿಂಗಳ ಬಸುರಿಯಂತೆ, ನಾಳೆ ಅಳತೆ ಕೊಡಲು ನಮ್ಮ ಮನೆಗೇ ಬರುವವಳಿದ್ದಳಂತೆ. ಈರಮ್ಮ ಫೋನಿನಲ್ಲೇ ಅತ್ತಿತು.

ಏಪ್ರಿಲ್ 16, ಬುಧವಾರ

ಹೊನ್ನಾವರದ ಆಸ್ಪತ್ರೆ. ನೋಟುಬುಕ್ಕು ಹೇಗೆ ಚೀಲಕ್ಕೆ ಬಂತೋ ಗೊತ್ತಿಲ್ಲ.

ಬೆಳಿಗ್ಗೆ ಆರಕ್ಕೆ ಬಾಗಿಲು ತಟ್ಟಿ ಕರೆದರು. ಇಷ್ಟು ದಿನದಲ್ಲಿ ಒಮ್ಮೆಯೂ ಅವರಾಗಿ ಕರೆದವರಲ್ಲ. "ರೇಖಾ, ಎದೆ ಸರಿಯಿಲ್ಲ. ಉಸಿರು ಪೂರ್ತಿ ಒಳಗೆ ಹೋಗ್ತಿಲ್ಲ. ನಿನ್ನೆ ರಾತ್ರೆಯಿಂದ ಕೆಮ್ಮು. ಹೀಂಗಾದ್ರೆ ಕಾಯಬಾರದು ಅಂದಿದ್ರು ಡಾಕ್ಟರು."

ಆಟೋ ಹುಡುಕಲು ಬೀದಿಗೆ ಓಡಹೊರಟೆ. ಇವರೇ ಹೇಳಿಕೊಟ್ಟರು. ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಹೀಗಿದೆ ಎಂದು ಹೇಳು. ಯಾವ ಬಾಗಿಲಿಂದ ಬರಬೇಕು ಕೇಳು. ಆಟೋದವನಿಗೆ ಸಿಡುಬು ಆಗಿತ್ತಾ ಕೇಳು. ನರೇಶ ಮೀನು ಸಾಗಿಸುವ ತನ್ನ ಗೂಡ್ಸ್ ಆಟೋ ತಂದ. ಅವನಿಗೆ ಸಣ್ಣವನಿದ್ದಾಗಲೇ ಆಗಿತ್ತಂತೆ. "ನನ್ನ ಮನೆಯಿಂದ ಬಂದದ್ದು ಇದು" ಎಂದು ಅವನು ಕಣ್ಣು ತುಂಬಿಕೊಂಡ. ಇವರು ಮಾಸ್ಕಿನೊಳಗಿಂದ, ಉಸಿರು ಸಿಗದಿದ್ದರೂ, "ನೀ ಎಂತ ಮಾಡ್ತೆ ಮಾರಾಯ, ನಿಂಗೆ ಗೊತ್ತಿತ್ತಾ" ಎಂದರು.

ಆಸ್ಪತ್ರೆಯಲ್ಲಿ ಪಕ್ಕದ ಬಾಗಿಲಿನಿಂದ ಸೀದಾ ಒಂದು ಬೇರೆ ಕೋಣೆಗೆ ಕರೆದುಕೊಂಡು ಹೋದರು. ಮುಂದಿನ ಬಾಗಿಲಿನಲ್ಲಿ ಕೂಸುಗಳನ್ನೆತ್ತಿಕೊಂಡು ಕಾಯುತ್ತಿದ್ದ ಹೆಂಗಸರ ಸಾಲು ಕಂಡಿತು. ಶ್ವಾಸಕೋಶಕ್ಕೆ ಇಳಿದಿದೆಯಂತೆ. ದೊಡ್ಡವರಿಗೆ ಬಂದರೆ ಒಮ್ಮೊಮ್ಮೆ ಹೀಗಾಗುತ್ತದಂತೆ. ಆಕ್ಸಿಜನ್ ಹಾಕಿದ್ದಾರೆ.

ಏಪ್ರಿಲ್ 17

ಹಾಗೇ ಇದೆ.

ಏಪ್ರಿಲ್ 18

ಮಾತಾಡಲು ಬಿಡುವುದಿಲ್ಲ. ಕೈಬೆರಳಿನಲ್ಲಿ ಏನೋ ಎಣಿಸುತ್ತಾರೆ. ಏನು ಎಂದು ಕೇಳಿದರೆ ಭಟ್ಕಳದ ದಿಕ್ಕಿಗೆ ಕೈ ತೋರಿಸುತ್ತಾರೆ. ಮಗಳ ದಿನ ಎಣಿಸುವುದು. ಒಂಬತ್ತಾಯಿತು.

ಏಪ್ರಿಲ್ 20, ಆದಿತ್ಯವಾರ

ಆಕ್ಸಿಜನ್ ತೆಗೆದರು. ಎರಡು ಚಮಚ ಗಂಜಿ ಕುಡಿದು, "ಉಪ್ಪು ಕಮ್ಮಿ" ಎಂದರು. ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತು ಬಂದೆ.

ಡಾಕ್ಟರು ನನ್ನನ್ನು ಕರೆದು ಹೇಳಿದರು. "ಇವರೇ ಹೇಳಿದ್ದಾ ಉಸಿರು ಸಿಗ್ತಿಲ್ಲ ಅಂತ? ನಾನು ನೋಡಿದ ಹಾಗೆ ಗಂಡಸರು ಇದನ್ನ ಹೇಳೂದೇ ಇಲ್ಲ, ಬಿದ್ದಮೇಲೆ ಎತ್ತಿಕೊಂಡು ಬರೂದು. ಒಂದು ದಿನ ತಡ ಆಗಿದ್ರೆ ನನ್ನ ಕೈಯಲ್ಲಿ ಇರ್ಲಿಲ್ಲ."

ಧೈರ್ಯವೆಂದರೆ ನನಗೆ ಬೇರೆಯೇ ಕಲ್ಪನೆ ಇತ್ತು. ಅಣ್ಣನ ಹಾಗೆ ಎದೆ ಸೆಟೆಸಿ ಮಾತಾಡುವುದು, ನಾಲ್ಕು ಜನರ ಮುಂದೆ ಗದರುವುದು. ಇವರು ಮಗಳ ಮನೆಯ ಎದುರು ಬಿಸಿಲಲ್ಲಿ ಮೈ ಸುಡುತ್ತಾ ನಿಂತು, ಬೀಗರ ಕಣ್ಣಲ್ಲಿ ಸಣ್ಣವರಾಗಿ, ನೀರೂ ಕುಡಿಯದೆ ತಿರುಗಿ ಬಂದವರು. ಮನೆಗೆ ಬಂದರೆ "ನಿಮ್ಮ ಗಂಟು ಹೋಗ್ತಿತ್ತಾ" ಎಂದವಳು ನಾನು.

ಮಲಗಿದ್ದಾರೆ. ಮುಖದ ತುಂಬ ಕಪ್ಪು ಹಕ್ಕಳೆ. ಒಳ್ಳೆಯ ಮುಖ ಇವರದ್ದು.

ಏಪ್ರಿಲ್ 24, ಗುರುವಾರ

ಮನೆಗೆ ಬಂದೆವು. ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟಿದೆ, ಇನ್ನು ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರು ಬರೆದೇ ಕೊಟ್ಟಿದ್ದಾರೆ. ಆದರೂ ಇವರು ಸೀದಾ ಹಿಂದಿನ ಕೋಣೆಗೆ ನಡೆದರು. "ಕಾಗದ ಇದೆಯಲ್ಲ, ಬನ್ನಿ ಒಳಗೆ" ಎಂದೆ. ಮೂರು ಸಲ ಹೇಳಬೇಕಾಯಿತು.

ಏಪ್ರಿಲ್ 30, ಬುಧವಾರ

ಇಪ್ಪತ್ತೊಂದು.

ಬೆಳಿಗ್ಗೆ ಸುಶ್ಮಿತಾಳೇ ಫೋನ್ ಮಾಡಿದಳು. "ಆಯಿ, ಅಪ್ಪನಿಗೆ ಹೇಳು, ನನ್ನ ಮೈಮೇಲೆ ಒಂದು ಸೊಳ್ಳೆ ಕಚ್ಚಿದ ಗುರುತೂ ಇಲ್ಲ." ಇವರಿಗೆ ಫೋನ್ ಕೊಟ್ಟೆ. ಅವಳು ಮಾತಾಡುತ್ತಲೇ ಇದ್ದಳು, ಇವರು "ಆತು, ಆತು" ಎನ್ನುತ್ತಲೇ ಇದ್ದರು. ಆ ಮಾತು ಇಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ಗೊತ್ತಿರಲಿಲ್ಲ.

ಬಯಕೆ ಊಟ ಬರುವ ಆದಿತ್ಯವಾರ, ಮೇ ನಾಲ್ಕು. ಅದು ದಾಟಿದರೆ ಅವಳಿಗೆ ಎಂಟನೇ ತಿಂಗಳು ಹಿಡಿಯುತ್ತದೆ, ಮಾಡುವ ಹಾಗಿಲ್ಲ. ಹಸಿರು ಸೀರೆಗೆ ಬ್ಲೌಸು ನಾನೇ ಹೊಲಿದಿದ್ದೇನೆ, ತೋಳಿಗೆ ಸಣ್ಣ ಜರಿ ಇಟ್ಟು.

ಮೇ 3, ಶನಿವಾರ

ಬೆಳಿಗ್ಗೆ ಹೋಳಿಗೆಗೆ ಬೇಳೆ ಬೇಯಿಸುತ್ತಿದ್ದೆ. ಬೇಲಿಯ ಆಚೆಯಿಂದ ಕಾಳಕ್ಕ ಕರೆಯಿತು. ಯಾವಾಗಲೂ ಸೀದಾ ಅಡುಗೆಮನೆಗೆ ಬರುವ ಜನ, ಇವತ್ತು ಬೇಲಿ ದಾಟಲಿಲ್ಲ.

"ರೇಖಾ, ಮೊಮ್ಮಗ ರಜೆಗೆ ಕುಮಟೆಯಿಂದ ಬಂದಾನಲ್ಲ. ನಿನ್ನೆಯಿಂದ ಮೈ ಬಿಸಿ. ಇವತ್ತು ಬೆನ್ನ ಮೇಲೆ ನಾಕು ಗುಳ್ಳೆ ಕಂಡ್ತು." ಸೆರಗಿನಲ್ಲಿ ಮುಖ ಒರೆಸಿಕೊಂಡಿತು. "ನಾಳೆ ನಿನ್ನ ಮಗಳು ಬತ್ತಾಳೆ ಅಂತ ಗೊತ್ತು. ಅದ್ಕೇ ಹೇಳ್ದೆ. ನಿಂಗೆ ಹೇಳೂದು ನಮ್ಮ ಮನೇಲಿ ಯಾರಿಗೂ ಬೇಡಾಗಿತ್ತು."

"ಹೇಳಿದ್ದು ಭಾಳ ಚಲೋ ಆತು ಕಾಳಕ್ಕ" ಎಂದೆ. ಗಾಳಿ ಬರುವ ಕೋಣೆಯಲ್ಲಿ ಬೇರೆ ಮಲಗಿಸು ಎಂದೆ. ತಟ್ಟೆ, ಟವೆಲು ಬೇರೆ ಇಡು. ಉಗುರು ಕತ್ತರಿಸು, ನೀರು, ಎಳನೀರು ಕುಡಿಸುತ್ತಾ ಇರು. ಇದು ಆಗದೆ ಇದ್ದವರು ಯಾರೂ ಒಳಗೆ ಹೋಗಬಾರದು. ಗಣಪಿಗೆ ನಾನು ಫೋನ್ ಮಾಡುತ್ತೇನೆ, ಅವಳು ಹೇಳದೆ ಯಾವ ಮಾತ್ರೆಯನ್ನೂ ಕೊಡಬೇಡ. ಉಸಿರು ಮೇಲೆ ಕೆಳಗೆ ಆದರೆ ಗಳಿಗೆ ಕಾಯದೆ ಕೂಗು. ಬೇವಿನ ಸೊಪ್ಪು ಬೇಕಾದರೆ ಕಟ್ಟು.

ಒಲೆ ಆರಿಸಿ ಭಟ್ಕಳಕ್ಕೆ ಫೋನ್ ಮಾಡಿದೆ. "ಅಕ್ಕ, ನಾಳೆ ಸುಶ್ಮಿತಾನ್ನ ಕಳಿಸಬೇಡಿ. ಪಕ್ಕದ ಮನೆಯ ಮಗುವಿಗೆ ಎದ್ದಿದೆ. ಊಟ ಅಲ್ಲೇ ನೀವೇ ಮಾಡಿಬಿಡಿ. ಸೀರೆ, ಬ್ಲೌಸು ನರೇಶನ ಕೈಯಲ್ಲಿ ಈಗಲೇ ಕಳಿಸ್ತೆ. ಹೆರಿಗೆಯೂ ಅಲ್ಲೇ ಆಗ್ಲಿ, ನಾನು ಆಮೇಲೆ ಬಂದು ನಿಲ್ತೆ."

ಬೀಗಿತ್ತಿ ಕೇಳಿದರು, "ಇದು ನಿಮ್ಮ ಮನೆಯವರು ಹೇಳಿದ್ದಾ ರೇಖಕ್ಕ?"

"ಅಲ್ಲ. ಅವರಿಗಿನ್ನೂ ಗೊತ್ತೇ ಇಲ್ಲ" ಎಂದೆ. "ನಿಮ್ಮ ಮಗಳೂ ಅಲ್ದಾ ಅವಳು, ನೀವು ಉಡಿಸಿದ್ರೂ ಸೀರೆ ಹಸಿರೇ."

"ಆತು" ಎಂದರು. ಆಮೇಲೆ, "ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ಹೇಳಿ. ಅವತ್ತು ನಾ ತಪ್ಪು ತಿಳ್ಕಂಡೆ" ಎಂದರು.

ಬೇಳೆ ಬೆಂದಾಗಿತ್ತು. ಹೋಳಿಗೆ ಬೇಡವೆನಿಸಿ ಬೇಳೆ ಬಸಿದ ನೀರಿಗೆ ಅನ್ನ ಹಾಕಿ ಮೆತ್ತಗೆ ಗಂಜಿ ಮಾಡಿದೆ. ಪಾತ್ರೆ ಹಿಡಿದು ಬೇಲಿಯ ಕಡೆ ಹೊರಟಾಗ ಇವರು ತೋಟದಿಂದ ಬಂದರು. ವಿಷಯ ಹೇಳಿದೆ. ಸುಶ್ಮಿತಾ ಬರುವುದಿಲ್ಲ ಎನ್ನುವುದನ್ನೂ ಹೇಳಿದೆ. ಇವರು ನನ್ನ ಮುಖವನ್ನೇ ನೋಡಿದರು. ಪಾತ್ರೆಗೆ ಕೈ ಹಾಕಿದರು.

"ಇತ್ಲಾಗೆ ಕೊಡು, ನಾ ಒಯ್ತೆ" ಎಂದರು. "ಈಗ ನಂಗೂ ಆಗಿದೆ ಅಲ್ದಾ."

ಹುಡುಗರ ಹಾಗೆ ನಗುತ್ತಿದ್ದರು. ಬಿಸಿ ಪಾತ್ರೆ, ಒಂದು ಬದಿ ಅವರು, ಒಂದು ಬದಿ ನಾನು ಹಿಡಿದುಕೊಂಡು ಬೇಲಿ ದಾಟಿದೆವು.